ಒದ್ದೆಯಾಗದೆ ಬಂದರೆ

ರೊಟ್ಟಿ ಅಂಗಡಿಯ ಲಿಯೊನಿ ಏಳು ವರ್ಷದ ಹಿಂದೆ ಬಾಯಿ ತಪ್ಪಿ ಒಂದು ಮಾತು ಆಡಿದ್ದಳು. ಮದುವೆಯಾಗುತ್ತೀಯಾ ಎಂದು ಕೇಳಿದ ಅಂಚೆಯ ಫಿರ್ಮಿನ್‌ಗೆ, ದೋಣಿ ಕಾಳಗದಲ್ಲಿ ನನ್ನಣ್ಣನನ್ನು ಹೊಳೆಗೆ ಕೆಡವಿ ಒದ್ದೆಯಾಗದೆ ದಡಕ್ಕೆ ಬಾ, ಆಮೇಲೆ ನೋಡೋಣ ಎಂದುಬಿಟ್ಟಳು. ಪುಣ್ಯಾತ್ಮ ಅಂದಿನಿಂದ ಪ್ರತಿ ಆಗಸ್ಟಿನ ಕಾಳಗದಲ್ಲೂ ತಾನೇ ಹೊಳೆಗೆ ಬೀಳುತ್ತಲೇ ಬಂದ. ಅವಳಿಗೋ, ಹೂಂ ಅನ್ನುವ ಆಸೆ ಎರಡನೇ ವರ್ಷವೇ ಬಂದಿತ್ತು. ಊರೆದುರು ಆಡಿದ ಮಾತನ್ನು ನುಂಗುವುದು ಹೇಗೆ? ಅವಳ ಹೆಮ್ಮೆಯೂ ಅವಳ ಹಿಟ್ಟಿನಂತೆಯೇ, ಮುಚ್ಚಿಟ್ಟಷ್ಟೂ ಉಬ್ಬುತ್ತಿತ್ತು.

ಅರವತ್ತು ತುಂಬಿದವರು ಕಾಳಗಕ್ಕೆ ಇಳಿಯುವಂತಿಲ್ಲ. ಫಿರ್ಮಿನ್‌ಗೆ ಅಕ್ಟೋಬರಿನಲ್ಲಿ ಅರವತ್ತು. ಇದೇ ಕೊನೆಯ ಆಟ.

ಅಂದು ಅಣ್ಣ ಅನ್ಸೆಲ್ಮನ ದೋಣಿಯ ಹುಟ್ಟುಗಾರನೊಬ್ಬ ಕೈ ಉಳುಕಿಸಿಕೊಂಡ. ಮೂವತ್ತು ವರ್ಷ ಹಿಟ್ಟು ನಾದಿದ ತೋಳು ಲಿಯೊನಿಯದು. ಅಣ್ಣ ಅವಳನ್ನೇ ಕರೆದ. ಅವಳು ಏಪ್ರನ್ ಕೂಡ ಬಿಚ್ಚದೆ ಹತ್ತಿ ಕೂತಳು.

ದೋಣಿಗಳು ಎದುರುಬದುರು ನುಗ್ಗಿದವು. ಒಂದೊಂದರ ಹಿಂಬದಿಯ ಎತ್ತರದ ಹಲಗೆಯ ಮೇಲೂ ಗುರಾಣಿ, ಉದ್ದನೆಯ ಬಡಿಗೆ ಹಿಡಿದ ಒಬ್ಬೊಬ್ಬ ಗಂಡಸು. ಲಿಯೊನಿ ಕತ್ತು ಹೊರಳಿಸಿ ನೋಡಿದಳು: ಎದುರು ದೋಣಿಯ ಹಲಗೆಯ ಮೇಲೆ ಫಿರ್ಮಿನ್, ಇದೇ ಅವನ ಕೊನೆಯ ಸರದಿ. ಇನ್ನೇನು ಬಡಿಗೆ ತಾಗಬೇಕು, ಅವಳು ಹುಟ್ಟನ್ನು ನೀರಿಗೆ ನೆಟ್ಟು ಹಿಡಿದುಬಿಟ್ಟಳು. ದೋಣಿ ಗಕ್ಕನೆ ಅಡ್ಡ ತಿರುಗಿತು. ಹದಿನಾಲ್ಕು ವರ್ಷ ಯಾರಿಗೂ ಬಗ್ಗದ ಅನ್ಸೆಲ್ಮ್ ಮೀಸೆ ಸಮೇತ ಹೊಳೆಗೆ ಬಿದ್ದ.

ಅವಳು ಮಾಡಿದ್ದನ್ನು ಇಡೀ ಊರೇ ನೋಡಿತ್ತು. ಅಲ್ಲಿಯ ಕಟ್ಟಳೆ ಹಳೆಯದು: ಬಿದ್ದವನು ಸೋತಂತೆಯೇ ಲೆಕ್ಕ, ಹುಟ್ಟು ತಡೆದವರು ಮಾತ್ರ ಉಟ್ಟ ಬಟ್ಟೆಯಲ್ಲೇ ನೀರಿಗೆ ಹಾರಬೇಕು. ಲಿಯೊನಿ ಮೂಗು ಹಿಡಿದು ಹಾರಿದಳು. ಸೇತುವೆಯ ಮೇಲಿನ ಜನ ಹೊಟ್ಟೆ ಹಿಡಿದು ನಕ್ಕರು.

ಏಳು ವರ್ಷದಲ್ಲಿ ಮೊದಲ ಬಾರಿ ಒಣ ಬಟ್ಟೆಯಲ್ಲಿ ನಿಂತಿದ್ದ ಫಿರ್ಮಿನ್ ದಡ ನೋಡಿದ, ಅವಳನ್ನು ನೋಡಿದ, ಗುರಾಣಿ ಎಸೆದು ಧುಮುಕಿಯೇಬಿಟ್ಟ.

"ಅಯ್ಯೋ ಮಂಕೇ, ಒದ್ದೆಯಾಗ್ದೆ ದಡಕ್ಕೆ ಬಾ ಅಂದಿದ್ನಲ್ಲೋ" ಎಂದಳು ಲಿಯೊನಿ, ನೀರು ಉಗುಳುತ್ತ.

ಫಿರ್ಮಿನ್‌ಗೆ ಆಗ ನೆನಪಾಯಿತು. ತನ್ನ ಒದ್ದೆ ಅಂಗಿ ನೋಡಿಕೊಂಡ. "ನೀನೇ ನೀರಲ್ಲಿದ್ದೆ. ದಡಕ್ಕೆ ಹೋಗಿ ನಾನೇನ್ ಮಾಡ್ಲಿ?"

ಲಿಯೊನಿಗೆ ನಗು ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ. ಅವನ ಕೊರಳಿಗೆ ಜೋತುಬಿದ್ದು ಸೇತುವೆಯತ್ತ ಕೂಗಿ ಹೇಳಿದಳು:

"ನಾಳೆ ಯಾರಿಗೂ ರೊಟ್ಟಿ ಇಲ್ಲ. ಮೇಯರ್ ಹತ್ರ ಮದ್ವೆಗೆ ಹೆಸ್ರು ಬರೆಸ್ಬೇಕು ನಾವು."