ಪಟ್ಟಿಯಲ್ಲಿಲ್ಲದ ಮಾತ್ರೆ

ಪೊಲೀಸರು ಹಿಡಿದು ತಂದ ಮಾತ್ರೆ, ಪುಡಿಗಳನ್ನು ಪರೀಕ್ಷಿಸಿ ಅದು ಇಂಥದ್ದು ಎಂದು ಹೇಳುವುದು ನನ್ನ ಕೆಲಸ. ಯಂತ್ರಕ್ಕೆ ಹಾಕಿದರೆ ಪರದೆಯ ಮೇಲೆ ಗೆರೆಯೊಂದು ಮೂಡುತ್ತದೆ, ಅದರ ಏರಿಳಿತ ನೋಡಿ ವಸ್ತು ಯಾವುದೆಂದು ಗುರುತಿಸುತ್ತೇವೆ. ಆಮೇಲೆ ಉಳಿಯುವುದು ಒಂದೇ ಪ್ರಶ್ನೆ, ಅದು ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆಯೋ ಇಲ್ಲವೋ. ಇದ್ದರೆ ಕೇಸು. ಇಲ್ಲದಿದ್ದರೆ ಮಾಲು ನಮ್ಮ ವರದಿಯ ಪ್ರತಿಯೊಂದಿಗೆ ಮಾರುವವನಿಗೇ ವಾಪಸ್ಸು.

ತೆಳು ಹಸಿರು ಮಾತ್ರೆ ಮೊದಲ ಸಲ ಬಂದಾಗ ಅದರ ಪೊಟ್ಟಣದ ಮೇಲೆ ಮಲಗಿದ ಬೆಕ್ಕಿನ ಚಿತ್ರವಿತ್ತು. ಕೆಳಗೆ ‘ಪ್ರಯೋಗಕ್ಕೆ ಮಾತ್ರ, ಮನುಷ್ಯರು ಸೇವಿಸಬಾರದು’ ಎಂದು ಬರೆದಿತ್ತು. ಬೆಕ್ಕಿಗಾದರೂ ಕೊಡಬಹುದೇನೋ ಎಂದು ನಾವು ನಕ್ಕೆವು. ಹಳೆಯ ನಿದ್ದೆ ಮಾತ್ರೆಯ ಅಣುವಿನ ಒಂದು ಮೂಲೆ ತಿರುಚಿದರೆ ಸಾಕು, ಕಾನೂನಿನ ಕಣ್ಣಿಗೆ ಅದು ಹೊಸ ವಸ್ತು. ನಾವು ಚಾಪೆ ಕೆಳಗೆ ತೂರಿದರೆ ಇದನ್ನು ತಯಾರಿಸುವವರು ರಂಗೋಲಿ ಕೆಳಗೆ ತೂರುವವರು. ನಾನು ‘ಪಟ್ಟಿಯಲ್ಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ಇನ್‌ಸ್ಪೆಕ್ಟರ್ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಚೀಲ ಎತ್ತಿಕೊಂಡು ಹೋದರು.

ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಅಣ್ಣ ಹಲ್ಲಿನ ಸೆಟ್ಟು ಮಾಡುತ್ತಾನೆ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ಇವನು ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾನೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಯಾರಾದರೂ ಗಾದೆ ಹೇಳಿದರೆ, ಹಲ್ಲು ನನಗೆ ಬಿಡಿ, ಕಡಲೆ ನೀವು ನೋಡಿಕೊಳ್ಳಿ ಎನ್ನುತ್ತಿದ್ದ. ಬಾಯಿ ನೋಡಿಯೇ ಮನುಷ್ಯರನ್ನು ಅಳೆಯುವವನು. ನಾನು ಸುಳ್ಳು ಹೇಳಿದರೆ ನನ್ನ ಕೆಳದವಡೆ ಎಡಕ್ಕೆ ಸರಿಯುತ್ತದಂತೆ, ಚಿಕ್ಕಂದಿನಿಂದಲೂ ಅದನ್ನು ನೋಡಿಯೇ ನನ್ನನ್ನು ಹಿಡಿಯುತ್ತಿದ್ದ.

ಹುಟ್ಟಿದ ಮಗು ಉಳಿಯದೆ ಹೋದ ಮೇಲೆ ಅತ್ತಿಗೆ ಅತ್ತರು. ಅಣ್ಣ ಅಳಲಿಲ್ಲ, ನಿದ್ದೆ ಬಿಟ್ಟ. ಆಮೇಲೆ ಇದ್ದಕ್ಕಿದ್ದಂತೆ ಚೆನ್ನಾಗಿ ಮಲಗತೊಡಗಿದ, ನಾವು ಬದುಕಿದೆವು ಎಂದುಕೊಂಡೆವು. ಆದರೆ ಎಚ್ಚರವಿದ್ದಾಗಲೂ ಅವನು ಪೂರ್ತಿ ಎದ್ದಂತೆ ಇರುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದ್ದರೆ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಒಂದು ಭಾನುವಾರ ಅವನ ಕೆಲಸದ ಅಂಗಿಯನ್ನು ಒಗೆಯಲು ಹಾಕುವ ಮುಂಚೆ ಜೇಬು ತಡಕಿದೆ. ಬೆಕ್ಕಿನ ಚಿತ್ರದ ಪೊಟ್ಟಣ ಸಿಕ್ಕಿತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಅದು ನಮ್ಮ ಮನೆಯಲ್ಲೇ ಇತ್ತು.

ಕೇಳಿದಾಗ ಅವನು ಮುಚ್ಚಿಡಲಿಲ್ಲ. “ನಿಮ್ಮ ಲ್ಯಾಬೇ ತೊಂದರೆ ಇಲ್ಲ ಅಂತ ಬರ್ಕೊಟ್ಟಿದೆಯಲ್ಲ. ಮಾರೋನು ಅದಕ್ಕೆ ಕಟ್ಟು ಹಾಕ್ಸಿ ಅಂಗಡಿ ಗೋಡೆಗೆ ತಗುಲಿಹಾಕಿದಾನೆ,” ಎಂದ. ಕೆಳಗೆ ನನ್ನ ಸಹಿ ಇದ್ದದ್ದನ್ನು ನೋಡಿಯೇ ಅವನಿಗೆ ಧೈರ್ಯ ಬಂದಿತ್ತಂತೆ.

ನನಗೆ ಮೈಯೆಲ್ಲ ಉರಿಯಿತು. ಪಟ್ಟಿಯಲ್ಲಿಲ್ಲ ಎಂದರೆ ಒಳ್ಳೆಯದು ಎಂದಲ್ಲ, ಕಾನೂನು ಇನ್ನೂ ಅದರ ಮುಖ ನೋಡಿಲ್ಲ ಎಂದಷ್ಟೇ ಎಂದು ವಿವರಿಸಿದೆ. ಒಂದೇ ಪೊಟ್ಟಣದ ಎರಡು ಮಾತ್ರೆ ಪರೀಕ್ಷಿಸಿದರೆ ಒಂದರಲ್ಲಿ ಇನ್ನೊಂದರ ಮೂರು ಪಟ್ಟು ಮದ್ದಿರುತ್ತದೆ, ಅದರ ಮೇಲೊಂದು ಗುಟುಕು ಮದ್ಯ ಬಿದ್ದರೆ ಉಸಿರೇ ನಿಲ್ಲಬಹುದು ಎಂದೆ. ಅವನು ಮೇಣದಲ್ಲಿ ಕೋರೆಹಲ್ಲು ಒತ್ತುತ್ತ ಕೇಳಿಸಿಕೊಂಡ.

“ನಂಗೇನೂ ಆಗ್ತಿಲ್ಲ ಕಣೇ,” ಎಂದ ಕೊನೆಗೆ. “ಏನೂ ಆಗದೆ ಇರ್ಲಿ ಅಂತಾನೇ ತಗೊಳ್ಳೋದು.”

ಅಲ್ಲಿಂದ ನಾನು ಆ ಮಾತ್ರೆಯ ಬೆನ್ನು ಬಿದ್ದೆ. ಆಸ್ಪತ್ರೆಗಳಿಂದ ರಕ್ತದ ಮಾದರಿ ತರಿಸಿದೆ, ನಮ್ಮ ಮುಖ್ಯಸ್ಥರ ತಲೆ ತಿಂದೆ, ಪಟ್ಟಿ ನಿರ್ಧರಿಸುವ ಸಮಿತಿಯ ಮುಂದೆ ಎರಡು ಸಲ ಹೋಗಿ ನಿಂತೆ. ಹಸಿರು ಮಾತ್ರೆ ಪಟ್ಟಿಗೆ ಸೇರಿತು. ನಮ್ಮಲ್ಲೊಂದು ರೂಢಿಯಿದೆ, ಯಾರು ಹಿಡಿದ ವಸ್ತು ಪಟ್ಟಿಗೆ ಸೇರುತ್ತದೋ ಅವರ ಗೆರೆಯ ಚಿತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತೇವೆ. ನನ್ನದನ್ನು ಮುಖ್ಯಸ್ಥರೇ ಅಂಟಿಸಿದರು. ನನಗೆ ಹೆಮ್ಮೆಯಾಯಿತು, ಇಲ್ಲವೆಂದು ಏಕೆ ಹೇಳಲಿ.

ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಸೋಮವಾರದಿಂದ ಇದನ್ನು ಮಾರುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ ಎಂದೆ. ಅಣ್ಣನಿಗಾಗಿ ಮಂಗಳವಾರಕ್ಕೆ ವೈದ್ಯರ ಸಮಯ ತೆಗೆದುಕೊಂಡಿದ್ದೆ. ಇಂಥ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ವೈದ್ಯರು ಬೇರೆ ಔಷಧ ಕೊಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಾರೆ, ಅಲ್ಲಿಯವರೆಗೆ ನೀನಾಗಿ ನಿಲ್ಲಿಸಬೇಡ ಎಂದೂ ಹೇಳಿದೆ. ಅವನು ತಲೆಯಾಡಿಸಿದ. ಎರಡು ಮಾತು ಹೇಳಿದ್ದೆ, ಅವನು ಒಂದನ್ನು ಮಾತ್ರ ಹಿಡಿದುಕೊಂಡ. ಸರ್ಕಾರಿ ಪ್ರಯೋಗಾಲಯದಲ್ಲಿರುವ ತಂಗಿಯ ಮನೆಯಲ್ಲಿ ಆ ಮಾತ್ರೆ ಸಿಕ್ಕರೆ ಅವಳ ಕೆಲಸ ಹೋಗುತ್ತದೆ ಎಂದು ಅವತ್ತೇ ಎಲ್ಲವನ್ನೂ ಕಕ್ಕಸಿಗೆ ಸುರಿದು ನೀರು ಬಿಟ್ಟ. ಅತ್ತಿಗೆಗೆ ಮಾತ್ರ ಗೊತ್ತಿತ್ತು. ಪೀಡೆ ತೊಲಗಿತು ಎಂದುಕೊಂಡು ಅವರು ನನಗೆ ಹೇಳಲಿಲ್ಲ.

ಅವನ ಕೈ ನಡುಗುತ್ತಿದ್ದದ್ದನ್ನು ನಾನು ನೋಡಿದ್ದೆ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಚಳಿ ಎಂದ, ನಂಬಿದೆ. ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಕೆಳಗಿನಿಂದ ಏನೋ ಬಿದ್ದ ಸದ್ದು ಬಂತು. ಅಣ್ಣ ಮೇಜಿನ ಕೆಳಗೆ ಬಿದ್ದು ಒದ್ದಾಡುತ್ತಿದ್ದ. ಮೇಣ ಕರಗಿಸುವ ದೀಪ ಮೇಲೆ ಉರಿಯುತ್ತಲೇ ಇತ್ತು. ದೀಪ ಆರಿಸಿ ಅವನನ್ನು ಪಕ್ಕಕ್ಕೆ ತಿರುಗಿಸಿದೆ. ಮೇಜಿನ ಮೇಲಿದ್ದ ಸೆಟ್ಟಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು, ಅಣ್ಣನ ಕೈಯಿಂದ ಅಂಥ ಕೆಲಸ ನಾನು ಕಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಮತ್ತೆರಡು ಸಲ ಫಿಟ್ಸ್ ಬಂತು. ಮೂತ್ರದ ಪರೀಕ್ಷೆ ಏನೂ ತೋರಿಸಲಿಲ್ಲ, ಅದು ಹಳೆಯ ಮದ್ದುಗಳನ್ನಷ್ಟೇ ಹಿಡಿಯುತ್ತದೆ. ಕರ್ತವ್ಯದಲ್ಲಿದ್ದ ವೈದ್ಯೆ ಮೆದುಳಿಗೆ ಸೋಂಕು ತಗುಲಿರಬಹುದು ಎಂದು ಇನ್ನೊಬ್ಬರಿಗೆ ಹೇಳುತ್ತಿದ್ದರು. ಅಷ್ಟರಲ್ಲಿ ಅತ್ತಿಗೆ ನನ್ನ ಕಿವಿಯಲ್ಲಿ ವಿಷಯ ಹೇಳಿ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಮುಂದೆ ಹೋಗಿ ಆ ವಸ್ತುವಿನ ಹೆಸರು ಹೇಳಿದೆ, ಅದನ್ನು ಒಮ್ಮೆಲೇ ಬಿಟ್ಟಿದ್ದಾನೆ ಎಂದೆ.

ವೈದ್ಯೆ ಆ ಹೆಸರು ಕೇಳಿರಲಿಲ್ಲ. “ನಿಮಗೆ ಹೇಗೆ ಗೊತ್ತು?” ಎಂದರು.

“ಅದನ್ನ ಬ್ಯಾನ್ ಮಾಡ್ಸಿದ್ದು ನಾನೇ,” ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿ ದಾದಿಗೆ ಬೇರೆ ಸೂಜಿಮದ್ದು ತರಲು ಹೇಳಿದರು. ಅಣ್ಣ ಉಳಿದ. ನನಗೆ ಅಳು ಬರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತು ಎದುರಿನ ಗೋಡೆಯ ಬಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ನೋಡುತ್ತಿದ್ದೆ. ಒಳಗೆ ಏನೂ ಇರಲಿಲ್ಲ. ಅಣ್ಣ ಹೇಳುತ್ತಿದ್ದ ‘ಏನೂ ಆಗದೆ ಇರುವುದು’ ಇದೇ ಇರಬೇಕು ಎನಿಸಿತು.

ಈಗ ಅವನು ಮನೆಯಲ್ಲಿದ್ದಾನೆ. ವೈದ್ಯರು ಕೊಟ್ಟ ಮಾತ್ರೆಯನ್ನು ಅತ್ತಿಗೆ ಬ್ಲೇಡಿನಿಂದ ಕತ್ತರಿಸಿ ಕೊಡುತ್ತಾರೆ, ಚೂರು ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತದೆ. ಅವನಿಗೆ ನಿದ್ದೆ ಬರುವುದಿಲ್ಲ, ಸಣ್ಣ ಸದ್ದಿಗೂ ಬೆಚ್ಚುತ್ತಾನೆ. ಮೊನ್ನೆ ಮೊದಲ ಸಲ ಮಗುವಿನ ಮಾತೆತ್ತಿ ಅತ್ತ. ಅತ್ತಿಗೆ ಪಕ್ಕದಲ್ಲಿ ಕೂತು ಬೆನ್ನು ಸವರಿದರು. ನಾನು ಬಾಗಿಲಲ್ಲೇ ನಿಂತಿದ್ದೆ, ನನಗೆ ಒಳಗೆ ಹೋಗಲು ಭಯವಾಯಿತು.

ಇವತ್ತು ಮಧ್ಯಾಹ್ನ ಇನ್‌ಸ್ಪೆಕ್ಟರ್ ಹೊಸ ಪೊಟ್ಟಣ ತಂದರು. ಅದೇ ಬೆಕ್ಕು, ಮಾತ್ರೆ ಮಾತ್ರ ಹಳದಿ. ಯಂತ್ರದಲ್ಲಿ ಗೆರೆ ಮೂಡಿತು, ಬಹುಪಾಲು ನನ್ನ ಗೆರೆಯೇ, ಒಂದು ಕಡೆ ಸ್ವಲ್ಪ ಸರಿದಿತ್ತು. ಪಟ್ಟಿ ತಿರುವಿಹಾಕಿದೆ. ಇನ್‌ಸ್ಪೆಕ್ಟರ್ ನನ್ನನ್ನು ಕೇಳಲೂ ಇಲ್ಲ, ಚೀಲ ಬಿಚ್ಚಿ ಹಿಡಿದು ನಿಂತಿದ್ದರು. ನಾನು ಬರೆಯಬೇಕಾದದ್ದನ್ನು ಬರೆದು ಸಹಿ ಹಾಕಿದೆ.

ಸಂಜೆ ಮನೆಗೆ ಬಂದಾಗ ಅಣ್ಣ ಮೇಜಿನ ಮುಂದೆ ಕೂತಿದ್ದ. ಯಾರದೋ ಮೇಲ್ದವಡೆಯ ಮೇಣದ ಒಸಡು ಕೈಯಲ್ಲಿತ್ತು. ಕೈ ಇನ್ನೂ ಸ್ವಲ್ಪ ನಡುಗುತ್ತಿತ್ತು, ಆದರೂ ಹಲ್ಲುಗಳು ಸಾಲಾಗಿ ಕೂತಿದ್ದವು. ನನಗೆ ಎಷ್ಟೋ ದಿನಗಳ ಮೇಲೆ ಸಂತೋಷವಾಯಿತು. ಚೀಲ ಇಟ್ಟು ಅವನ ಪಕ್ಕ ಕೂತೆ.

“ಲ್ಯಾಬಿಗೆ ಹೊಸದೇನಾದ್ರೂ ಬಂತಾ?” ಎಂದು ತಲೆಯೆತ್ತದೆ ಕೇಳಿದ.

“ಇಲ್ಲ,” ಎಂದೆ.

ಅವನು ತಲೆಯೆತ್ತಿ ನನ್ನ ಬಾಯಿಯನ್ನು ನೋಡಿದ. ಮೇಣವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

“ಯಾವ ಬಣ್ಣ?” ಎಂದ.