ಇಸ್ತ್ರಿ ಹಾಕಿದ ಪಾಠ

ಇನ್ಸ್‌ಪೆಕ್ಷನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕುರುಡು ಮಕ್ಕಳಿಗೆ ಬ್ರೈಲ್ ಎಂಬ ಉಬ್ಬುಚುಕ್ಕಿ ಅಕ್ಷರ ಕಲಿಸುವ ಸೆಲ್ವಮೇರಿ ಟೀಚರಿಗೆ ಇಂದಿಗೂ ತಾಯಿ ಇನ್ನಾಸಮ್ಮನ ನೆನಪು ಉಕ್ಕಿ ಬರುತ್ತದೆ. ಇಪ್ಪತ್ತು ವರ್ಷಗಳೇ ಕಳೆದವು. ಎಂಥ ಕಾಲ ಅದು!

ಆಗ ಸೆಲ್ವಮೇರಿಗೆ ಹತ್ತು ವರ್ಷ, ಹುಟ್ಟಿನಿಂದಲೇ ಕಣ್ಣಿಲ್ಲ. ಮೈಸೂರಿನ ಶಾಲೆಯೊಂದರಲ್ಲಿ ಉಳಿದು ಓದಬೇಕಾದರೆ ಸರ್ಕಾರದ ವಿದ್ಯಾರ್ಥಿವೇತನ ಸಿಗಬೇಕು; ಅದು ಸಿಗಬೇಕಾದರೆ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಬೆರಳಾಡಿಸಿ ಓದಿ ತೋರಿಸಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಮನೆಗೆ. ಮಕ್ಕಳು ಬಾಯಿಪಾಠ ಒಪ್ಪಿಸಿ ಕಣ್ಣಿಗೆ ಮಣ್ಣೆರಚುತ್ತಾರೆಂಬ ಗುಮಾನಿ ಬೇರೆ ಸಾಹೇಬರಿಗಿತ್ತು.

ಪಾಠವನ್ನು ಅಮಲದಾಸ್ ಮೇಷ್ಟ್ರು ದಪ್ಪ ಕಾಗದದ ಮೇಲೆ ಚುಕ್ಕಿ ಚುಕ್ಕಿಯಾಗಿ ಒತ್ತಿ ಕೊಟ್ಟಿದ್ದರು. ಭಾನುವಾರ ಹುಡುಗಿ ಅದನ್ನು ಮನೆಗೆ ತಂದಳು. ಇನ್ನಾಸಮ್ಮ ಬಂಗಲೆಗಳ ಬಟ್ಟೆಗೆ ಇಸ್ತ್ರಿ ಹಾಕಿ ಬದುಕುವವಳು. ಸುಕ್ಕೆಂದರೆ ಅವಳ ಪಾಲಿಗೆ ಪಾಪವೇ. ದೊಡ್ಡವರ ಕೈಗೆ ಹೋಗುವ ಕಾಗದ ಇಷ್ಟೊಂದು ಗಂಟುಗಂಟಾಗಿರುವುದೇ? ಮಗಳು ಪಕ್ಕದ ಮನೆಯಲ್ಲಿದ್ದಾಗ ನೀರು ಚಿಮುಕಿಸಿ, ಕೆಂಡದ ಪೆಟ್ಟಿಗೆ ಎಳೆದು ನುಣ್ಣಗೆ ಮಾಡಿ ಸುತ್ತಿಟ್ಟಳು, ಪುಣ್ಯಾತ್ಗಿತ್ತಿ.

ಸೋಮವಾರ ಸಾಹೇಬರ ಮುಂದೆ ಸೆಲ್ವಮೇರಿ ಕಾಗದ ಬಿಚ್ಚಿ ಬೆರಳಾಡಿಸಿದಳು. ಏನೂ ಇಲ್ಲ. ಪಾಠವೇನೋ ಪೂರ್ತಿ ಬಾಯಿಗೆ ಬರುತ್ತಿತ್ತು. ಶುರು ಮಾಡೆಂದು ಹಿಂದಿನಿಂದ ಮೇಷ್ಟ್ರು ಕೆಮ್ಮಿದರು ಕೂಡ. ಓದಿದಂತೆ ನಟಿಸಲು ಹುಡುಗಿಗೆ ಮನಸ್ಸು ಬರಲಿಲ್ಲ.

"ಇದ್ರಲ್ಲಿ ಅಕ್ಷರಾನೇ ಇಲ್ಲ, ಸ್ವಾಮಿ," ಎಂದಳು.

ಮಗಳನ್ನು ಬಿಡಲು ಬಂದು ಬಾಗಿಲಲ್ಲೇ ನಿಂತಿದ್ದ ಇನ್ನಾಸಮ್ಮನಿಗೆ ಆಗ ಹೊಳೆಯಿತು. "ಸುಕ್ಕಾಗಿತ್ತು ಅಂತ ನಾನೇ ಇಸ್ತ್ರಿ ಹಾಕ್ಬುಟ್ಟೆ, ಸ್ವಾಮಿ. ಮಗೂದೇನೂ ತಪ್ಪಿಲ್ಲ," ಎಂದು ಕೈಮುಗಿದಳು.

ಸಾಹೇಬರು ಕಾಗದದ ಮೇಲೆ ತಾವೇ ಬೆರಳೆಳೆದು ನೋಡಿದರು. ಬೀರುವಿನಿಂದ ಬೇರೊಂದು ಪುಸ್ತಕ ತರಿಸಿ, ನಡುವೆ ಎಲ್ಲೋ ತೆರೆದು ಮುಂದಿಟ್ಟರು. ಹುಡುಗಿ ತಡವರಿಸುತ್ತಲೇ ಆರು ಸಾಲು ಓದಿದಳು. ಬಾಯಿಪಾಠದವಳಾಗಿದ್ದರೆ ಆಗಲೇ ಒಪ್ಪಿಸಿಬಿಡುತ್ತಿದ್ದಳು, ಈ ಮಗು ನಿಜವಾಗಿ ಓದುತ್ತದೆ ಎಂದು ಹೇಳಿ ವೇತನಕ್ಕೆ ರುಜು ಹಾಕಿದರು.

ಸಾಹೇಬರು ಹೋದ ಮೇಲೆ ಇನ್ನಾಸಮ್ಮ ಜಗಲಿಯಲ್ಲಿ ಕೂತು, ತಾನು ಅಳಿಸಿದ ಅಕ್ಷರ ಹೇಗಿರುತ್ತದೆಂದು ಕೇಳಿದಳು. ಮಗಳು ಅವಳ ಬೆರಳು ಹಿಡಿದು ಪುಸ್ತಕದ ಚುಕ್ಕಿಗಳ ಮೇಲಿಟ್ಟಳು. ಇನ್ನಾಸಮ್ಮ ತಡವಿದಳು, ಮತ್ತೆ ಮತ್ತೆ ತಡವಿದಳು.

"ನನ್ ಕೈಗೇನೂ ಸಿಗ್ತಿಲ್ಲ ಕಣವ್ವ."

ಕೆಂಡದ ಕಾವಿಗೆ ಆ ಬೆರಳುಗಳು ಜಡ್ಡುಗಟ್ಟಿಹೋಗಿದ್ದವು. ಅಂದು ಸೆಲ್ವಮೇರಿ ಬಿಕ್ಕಿ ಬಿಕ್ಕಿ ಅತ್ತದ್ದು ವೇತನ ಸಿಕ್ಕ ಸಂತೋಷಕ್ಕೆಂದೇ ಶಾಲೆಯವರೆಲ್ಲ ತಿಳಿದರು.