ಒಂದೇ ಹಿಡಿಯ ಮೇಲೆ ಎರಡು ಕೈ

ಇದನ್ನು ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ ಎಂದು ಬಹಳ ಕಾಲ ಹಿಂಜರಿದಿದ್ದೇನೆ. ನಾನು ಧರ್ಮ ಓದಿದವಳಲ್ಲ. ಅಕ್ಷರ ಕಲಿತದ್ದೇ ದೊಡ್ಡವಳಾದ ಮೇಲೆ, ಸಂಜೆಯ ತರಗತಿಯಲ್ಲಿ. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಆದರೆ ಕಣ್ಣು ಮುಚ್ಚಿದರೆ ಇಂದಿಗೂ ಆ ಎರಡು ಕೈಗಳೇ ಕಾಣುತ್ತವೆ: ಚೂರಿಯ ಹಿಡಿಯ ಮೇಲೆ ಅಪ್ಪನ ಕೈ, ಅದರ ಮೇಲೆ ನನ್ನದು, ಅಪ್ಪನ ಮಣಿಕಟ್ಟಿನ ರೋಮಕ್ಕೆ ಅಂಟಿಕೊಂಡ ಒಂದೆಳೆ ಬಿಳಿ ಅರಳೆ.

ಅಪ್ಪ ಮೌಲಾಸಾಬ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ. ನಲವತ್ತು ವರ್ಷ ಹಿಂಜುವ ಬಿಲ್ಲಿನ ಹೆದೆ ಮೀಟಿ ಮೀಟಿ ಅವನ ಬಲಗೈಯೂ ಹೆದೆಯಂತೆಯೇ ನಡುಗುತ್ತಿತ್ತು. ಅವ್ವ ತೀರಿಕೊಂಡಿದ್ದಳು, ಮನೆಯಲ್ಲಿ ನಾವಿಬ್ಬರೇ. ಪ್ರತಿ ಬಕ್ರೀದಿಗೆ ಓಣಿಯ ಮನೆಗಳಿಂದ ಕುರ್ಬಾನಿಯ ಮಾಂಸದ ಪಾಲು ನಮಗೆ ಬರುತ್ತಿತ್ತು. ನಮ್ಮಿಂದ ಯಾರಿಗೂ ಹೋದದ್ದಿಲ್ಲ. ಒಂದು ವರ್ಷ ಅಪ್ಪ ಹೆಗಲ ಮೇಲೆ ಆಡಿನ ಮರಿಯೊಂದನ್ನು ಹೊತ್ತು ತಂದ. "ಜೀವಮಾನ ಎಲ್ಲಾ ಮಂದಿ ಪಾಲು ತಿಂದ್ವಿ," ಎಂದ. "ಒಮ್ಮ್ಯಾರ ನಮ್ಮ ಮನಿಯಿಂದ ಪಾಲು ಹೋಗ್ಲಿ."

ಮರಿ ಹೋತವಾಯಿತು. ಕುರ್ಬಾನಿಗೆ ಸಲ್ಲಲು ವರ್ಷ ತುಂಬಿರಬೇಕು, ಎರಡೂ ಕಣ್ಣು ಕಾಣಬೇಕು, ಕುಂಟಬಾರದು, ಕಿವಿ ಹರಿದಿರಬಾರದು ಎಂಬುದೆಲ್ಲ ಅಪ್ಪನಿಗೆ ಬಾಯಿಪಾಠ. ದಿನಾ ಬೆಳಿಗ್ಗೆ ಅದರ ತುಟಿ ಸರಿಸಿ ಹಲ್ಲು ನೋಡುತ್ತಿದ್ದ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದರ ಮುಂದೆ ಸೊಪ್ಪು ಆಡಿಸುತ್ತಿದ್ದ. ಬೇಲಿಯ ಮುಳ್ಳು ಕಿವಿಗೆ ಗೀರಿದ ದಿನ ಗಾಯ ಮಾಯುತ್ತದೆಂದು ನಾನೆಷ್ಟು ಹೇಳಿದರೂ ಊಟ ಮಾಡಲಿಲ್ಲ.

ಸಾಧ್ಯವಾದರೆ ಕುರ್ಬಾನಿ ಕೊಡುವವನೇ ತನ್ನ ಕೈಯಾರೆ ಕೊಯ್ಯುವುದು ಮೇಲು ಎನ್ನುತ್ತಾರೆ. ಅಪ್ಪ ಅದನ್ನೂ ಹಟ ಹಿಡಿದ. ಓಣಿಗೆಲ್ಲ ಕೊಯ್ದುಕೊಡುವ ಕಸಾಯಿ ಬಾಬುಸಾಬ ನಕ್ಕುಬಿಟ್ಟ. "ಮಾವಾ, ನಿನ್ನ ಕೈಯಾಗ ಚೂರಿ ಕೊಟ್ರ ಹೋತಕ್ಕ ಕಚಗುಳಿ ಆಕ್ಕೈತಿ, ಜೀವ ಹೋಗಂಗಿಲ್ಲ." ಅಪ್ಪ ನಗಲಿಲ್ಲ.

ಹಬ್ಬದ ನಮಾಜು ಮುಗಿಸಿ ಬಂದವನು ಹಿತ್ತಿಲ ಗೋಡೆಯ ಆಚೆ ಕೂತು ಚೂರಿ ಮಸೆದ. ಹೋತಕ್ಕೆ ಕಾಣಬಾರದೆಂದು ಅದನ್ನು ಅರಳೆಯಲ್ಲಿ ಸುತ್ತಿ ತಂದ. ನೀರು ಕುಡಿಸಿದೆವು. ಮೂರು ಕಾಲು ಕಟ್ಟಿ ನಮಾಜಿನ ದಿಕ್ಕಾದ ಕಿಬ್ಲಾದ ಕಡೆಗೆ ಮಲಗಿಸಿ, ನಾನು ಕೊಂಬು ಹಿಡಿದು ಕೂತೆ. ಅಪ್ಪ ಅರಳೆ ಬಿಚ್ಚಿ ಚೂರಿ ಎತ್ತಿದ. ಕೈ ಎಂದೂ ಇಲ್ಲದಷ್ಟು ನಡುಗಿತು. ಅರ್ಧ ಕೊಯ್ದು ಚೂರಿ ನಿಂತುಬಿಟ್ಟರೆ, ವರ್ಷವಿಡೀ ನಮ್ಮ ಅಂಗೈಯಿಂದ ತಿಂದ ಜೀವಕ್ಕೆ ಎಂಥ ಹಿಂಸೆ! ಅದು ನನ್ನ ಮುಖವನ್ನೇ ನೋಡುತ್ತಿತ್ತು. ನಾನು ಯೋಚಿಸಲಿಲ್ಲ. ಒಂದು ಕೈಯಲ್ಲಿ ಕೊಂಬು ಒತ್ತಿ ಹಿಡಿದು, ಇನ್ನೊಂದನ್ನು ಅಪ್ಪನ ಕೈಯ ಮೇಲಿಟ್ಟು ಬಿಗಿಹಿಡಿದೆ. ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್ ಎಂಬುದು ಕಿವಿಗೆ ಬಿತ್ತು. ಎರಡು ಕೈಯ ಬಲ ಸೇರಿ ಚೂರಿ ಸರ್ರನೆ ಸರಿಯಿತು.

ಅಂದು ಹನ್ನೆರಡು ಮನೆಗೆ ಪಾಲು ಹೋಯಿತು. ಪ್ರತಿ ತಟ್ಟೆಯನ್ನೂ ಅಪ್ಪನೇ ಹೊತ್ತ. ಸಂಜೆ ಕಟ್ಟೆಯ ಮೇಲೆ ಕೂತು, ಹೊಸ ಬಟ್ಟೆ ಉಟ್ಟ ಮಗುವಿನಂತೆ ಹೋಗಿಬರುವವರನ್ನು ನೋಡಿ ನಗುತ್ತಿದ್ದ.

ನನಗೆ ಮಾತ್ರ ಒಳಗೊಂದು ಅಳುಕು. ಹೆಣ್ಣಿನ ಕೈ ಸೋಕಿದ್ದಕ್ಕೆ ಕುರ್ಬಾನಿಗೆ ಏನಾದರೂ ಕುಂದು ಬಂದಿತೇ? ಹಬ್ಬದ ರಜೆ ಮುಗಿದು ಸಂಜೆಯ ತರಗತಿ ಶುರುವಾದಾಗ ನಮ್ಮ ಟೀಚರ್ ಜೈತುನಬಿಯನ್ನು ಕೇಳಿದೆ, ಬೇರೆ ಊರಿನ ಯಾರದೋ ವಿಷಯವೆಂಬಂತೆ. ಆಕೆ ಧರ್ಮದ ಕಟ್ಟಳೆ ಹೇಳುವ ಮಸಲೆಗಳ ಪುಸ್ತಕ ತೆಗೆದು, ಹೆಣ್ಣು ಒಬ್ಬಳೇ ಕೊಯ್ದರೂ ನಡೆಯುತ್ತದೆ ಎಂದು ಓದಿ ತೋರಿಸಿದರು. ನನಗೆ ಉಸಿರು ಬಂತು. ಅದು ಒಂದು ಸಾಲಿನ ಮಟ್ಟಿಗೆ ಮಾತ್ರ. ಅವರ ಬೆರಳು ಕೆಳಗಿನ ಸಾಲಿಗೆ ಇಳಿಯಿತು. ಒಂದೇ ಚೂರಿಗೆ ಇಬ್ಬರು ಬಲ ಹಾಕಿದರೆ ಇಬ್ಬರೂ ಅಲ್ಲಾಹನ ಹೆಸರು ಹೇಳಬೇಕು. ಒಬ್ಬರು ಹೇಳಿದರೆ ಸಾಕೆಂದು ಇನ್ನೊಬ್ಬರು ಸುಮ್ಮನಿದ್ದರೆ ಕುರ್ಬಾನಿಯೂ ಇಲ್ಲ, ಆ ಮಾಂಸವೂ ಸಲ್ಲದು. ಮರೆತಿದ್ದರೆ ಮಾತ್ರ ಮಾಫಿ.



"ಆಕಿ ಮರೆತ್ಲೋ, ಬ್ಯಾಡಂತ ಬಿಟ್ಲೋ?" ಎಂದರು ಜೈತುನಬಿ.

"ಆಕಿಗೆ ನೆಪ್ಪಿಲ್ರಿ. ಅಂದಿದ್ರೂ ಅಂದಿರಬಹುದು."

ಅವರು ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು. "ಬಾಜೂಕ ಇದ್ದವರಿಗೆ ಕೇಳಿಸಿರ್ತೈತಿ. ನಿಮ್ಮಪ್ಪನ್ನ ಕೇಳವ್ವಾ."

ಅಪ್ಪನನ್ನು ಕೇಳುವುದು ಹೇಗೆ? ಕೇಳಿದರೆ ಅವನ ಹನ್ನೆರಡು ತಟ್ಟೆಗಳನ್ನೂ ನಾನೇ ಮಗುಚಿ ಹಾಕಿದಂತೆ. ಕೇಳದಿದ್ದರೆ ಓಣಿಗೆಲ್ಲ ಸಲ್ಲದ್ದನ್ನು ಉಣಿಸಿದ ಪಾಪ ನನ್ನೊಳಗೇ ಕೊಳೆಯುತ್ತಿತ್ತು. ಎದುರು ಮನೆಯ ಕೂಸು ವಾಂತಿ ಮಾಡಿಕೊಂಡರೆ ನನ್ನಿಂದಲೇ ಎಂದುಕೊಂಡೆ. ಪಾಲು ಉಂಡವರು ದಾರಿಯಲ್ಲಿ ಸಿಕ್ಕರೆ ಗೋಡೆಯ ಬದಿಗೆ ಸರಿದೆ. ನೀರು ಸೇದುವಾಗ, ಒಲೆ ಊದುವಾಗ, ಆ ಕ್ಷಣವನ್ನು ಮತ್ತೆ ಮತ್ತೆ ಕರೆದು ನೋಡಿದೆ. ನನ್ನ ತುಟಿ ಅಲುಗಿತ್ತೇ? ಕೈಗಳು ಕಾಣುತ್ತಿದ್ದವು, ತುಟಿ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಅಪ್ಪ ಜ್ವರ ಬಂದು ಮಲಗಿದ. ನಾಲ್ಕನೆಯ ದಿನ ಅವನಿಗೆ ಗಂಜಿ ಕುಡಿಸುತ್ತಾ, ಇನ್ನು ತಡೆಯಲಾರೆ, ಕೇಳಿಯೇಬಿಡುತ್ತೇನೆ ಎಂದು ಬಾಯಿ ತೆರೆದೆ. ಅವನೇ ಮೊದಲು ನನ್ನ ಮುಂಗೈ ಹಿಡಿದ.

"ಯವ್ವಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಅವತ್ತ ಅಲ್ಲಾನ ಹೆಸರ ತಗೊಂಡಾಕಿ ನೀನ ಹೌದಲ್ಲ?"

ನಾನು ಗಂಜಿಯ ಬಟ್ಟಲು ಕೆಳಗಿಟ್ಟೆ.

"ನನಗ ಗಂಟಲ ಕಟ್ಟಿತ್ತು," ಎಂದ ಅಪ್ಪ. "ಅದರ ಕಣ್ಣ ನೋಡಿ ನಾಲಿಗಿ ಏಳವಲ್ದಾತು. ಆಮ್ಯಾಲ ಕಿವ್ಯಾಗ ಕೇಳಿತು. ಮಗಳು ಅಂದ್ಲು, ಇನ್ನ ಹೆದರಿಕಿ ಇಲ್ಲ ಅಂತ ಒತ್ತಿಬಿಟ್ಟೆ. ನಾನೂ ಅಂದ್ನೋ ಇಲ್ಲೋ, ನೆಪ್ಪಿಲ್ಲ. ಅವತ್ತಿಂದ ನಿದ್ದಿ ಹತ್ತಿಲ್ಲ."

ನಾನು ಕೇಳಿದ ದನಿ ಅಪ್ಪನದೆಂದು ಇಷ್ಟು ದಿನ ನಂಬಿದ್ದೆ. ಅಪ್ಪ ಅದನ್ನು ನನ್ನದೆಂದು ನಂಬಿದ್ದ. ಹಿತ್ತಿಲಲ್ಲಿ ಅಂದು ಮೂರನೆಯವರಿರಲಿಲ್ಲ. ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ನಿಜ ಯಾವುದೆಂದು ಗೊತ್ತಿರಲಿಲ್ಲ. ಗೊತ್ತಿದ್ದಷ್ಟನ್ನು ಹೇಳಿದೆ.

"ನನಗೂ ಕೇಳಿತಪ್ಪಾ. ಛಲೋತ್ನ್ಯಾಗ ಕೇಳಿತು."

ಅಪ್ಪ ಅದನ್ನು ಹೇಗೆ ತಿಳಿದುಕೊಂಡನೋ. ನೀಳವಾಗಿ ಉಸಿರುಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ. ಆ ದಿನ ನಿದ್ದೆ ಹತ್ತಿತು. ಅದೇ ವಾರ ತೀರಿಕೊಂಡ.

ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೂ ಅಲ್ಲಿ ಇದ್ದವರು ನಾವಿಬ್ಬರೇ, ಒಬ್ಬರು ಮಣ್ಣು ಸೇರಿದ್ದರು. ಹೆಸರು ಹೇಳಿದ್ದು ಅಪ್ಪನೋ, ನಾನೋ, ಇಬ್ಬರೂ ಕೂಡಿಯೋ, ನನಗೆ ಗೊತ್ತಿಲ್ಲ. ದನಿ ಗಂಡಿನದೋ ಹೆಣ್ಣಿನದೋ ಎಂದೂ ಈಗ ಹೇಳಲಾರೆ. ನೆನಪಿರುವುದು ಇಷ್ಟೇ: ಚೂರಿ ಸರಿಯುವ ಮೊದಲು, ಅಪ್ಪನ ಮಣಿಕಟ್ಟಿನ ಮೇಲಿದ್ದ ಆ ಒಂದೆಳೆ ಅರಳೆ ಯಾರದೋ ಉಸಿರು ತಾಗಿ ಅಲುಗಿತ್ತು.